ಐದು ಸ್ಟಾರ್ ಹುಡುಗರಿದ್ದೂ ಮಿಷಿಗನ್ ಎದುರು ಸೋತಿದ್ದೇಕೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಇಲ್ಲಿದ್ದಾಗ ಕ್ರಿಕೆಟ್ ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗ ಶನಿವಾರ ಬಂದರೆ ಸಾಕು, ಅಲ್ಲಿನ ಕಾಲೇಜು ಫುಟ್‌ಬಾಲ್. 'ನಮ್ಮ ರಿಕ್ರೂಟಿಂಗ್ ದೇಶಕ್ಕೇ ಟಾಪ್' ಅನ್ನುತ್ತಾನೆ. ಹಾಗಿದ್ದರೆ ಮಿಷಿಗನ್ ಎದುರು ಸಾಲಾಗಿ ನಾಲ್ಕು ಸಲ ಸೋತಿದ್ದು ಯಾಕೆ ಅಂದರೆ ಸಿಟ್ಟು ಬರುತ್ತದೆ. ಈ ರಿಕ್ರೂಟಿಂಗ್ ನಡೆಯುವುದು ಹೇಗೆ? ಕಾಲೇಜು ಹುಡುಗರಿಗೆ ಕೋಟಿಗಟ್ಟಲೆ ಕೊಡುತ್ತಾರಂತೆ, ನಿಜವಾ? ಆ ಮಿಷಿಗನ್ ಮೇಲೆ ಅಷ್ಟು ಹಗೆ ಯಾಕೆ? ನಾನೂ ನಮ್ಮೆಜಮಾನರೂ ಬರುವ ನವೆಂಬರ್‌ನಲ್ಲಿ ಅಲ್ಲಿಗೆ ಹೋಗುತ್ತಿದ್ದೇವೆ. ಮಿಷಿಗನ್ ಮ್ಯಾಚಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಏನು ನೋಡಬೇಕು ಅಂತ ಸ್ವಲ್ಪ ಹೇಳಿ.
ಓದುಗರು, ದಾವಣಗೆರೆ

ಉತ್ತರ:

ನಮಸ್ಕಾರ ಮೇಡಂ. ನಿಮ್ಮ ಮಗ ಹೇಳುವುದೂ ನಿಜ, ನೀವು ಕೇಳಿದ್ದೂ ಸರಿಯಾಗೇ ಇದೆ. ಓಹಾಯೋ ಸ್ಟೇಟ್‌ಗೆ ಬರುವ ಹುಡುಗರು ದೇಶದಲ್ಲೇ ಆಯ್ದ ಹುಡುಗರು. ಆದರೂ 2021ರಿಂದ 2024ರವರೆಗೆ ಪಕ್ಕದ ರಾಜ್ಯದ ಮಿಷಿಗನ್ ಯೂನಿವರ್ಸಿಟಿ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. 42-27, 45-23, 30-24, ಕೊನೆಗೆ 13-10. ನಾನು ಕೊಲಂಬಸ್‌ನಲ್ಲೇ ಇರುವವನು, ಓಹಾಯೋ ಸ್ಟೇಟ್ ಕಡೆಯವನು. ಈ ನಾಲ್ಕು ಸ್ಕೋರನ್ನು ನೋಡಿ ಬರೆಯಬೇಕಾಗಿಲ್ಲ, ಬಾಯಿಗೇ ಬರುತ್ತವೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಂಡಕ್ಕೆ ಯಾರು ಬಂದರು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬಂದವರಲ್ಲಿ ಮೂರನೇ ವರ್ಷ, ನಾಲ್ಕನೇ ವರ್ಷದವರೆಗೆ ಉಳಿದವರು ಯಾರು, ಅದರಲ್ಲೂ ಲೈನ್‌ನಲ್ಲಿ ಉಳಿದವರು ಯಾರು ಅಂತ ನೋಡುವವರು ಕಡಿಮೆ. ನವೆಂಬರ್ ಕೊನೆಯ ಶನಿವಾರದ ಮ್ಯಾಚ್ ಗೆಲ್ಲಿಸುವುದು ಅವರು.

ಆಟ ನೋಡಿಲ್ಲದವರಿಗಾಗಿ ಎರಡು ಮಾತು. ಇದು ನಮ್ಮೂರಲ್ಲಿ ಫುಟ್‌ಬಾಲ್ ಅನ್ನುವ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಪೋಸ್ಟರ್‌ನಲ್ಲಿ, ಟಿವಿಯಲ್ಲಿ ಅವನದೇ ಮುಖ. ಅವನ ಮುಂದೆ ಐದು ಜನ ದೈತ್ಯರು ಬಗ್ಗಿ ನಿಂತಿರುತ್ತಾರೆ, ಒಬ್ಬೊಬ್ಬನೂ 135-140 ಕೆ.ಜಿ. ಇದು ಆಫೆನ್ಸಿವ್ ಲೈನ್. ಎದುರಿಗೆ ಅಂಥವರದೇ ಡಿಫೆನ್ಸಿವ್ ಲೈನ್. ಇವರು ತಳ್ಳಿದರೆ ಓಡುವವನಿಗೆ ದಾರಿ. ಇವರು ಹಿಂದೆ ಸರಿದರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳುತ್ತಾನೆ.

ಈಗ ರಿಕ್ರೂಟಿಂಗ್. ಐಪಿಎಲ್‌ನಲ್ಲಿ ತಂಡದವರು ಹರಾಜಿನಲ್ಲಿ ಆಟಗಾರನನ್ನು ಕೊಳ್ಳುತ್ತಾರೆ. ಯಾವ ತಂಡ ಅನ್ನುವ ಆಯ್ಕೆ ಅವನಿಗಿಲ್ಲ. ಇಲ್ಲಿ ಪೂರ್ತಿ ಉಲ್ಟಾ. ಹೈಸ್ಕೂಲು ಹುಡುಗನೇ ಆರಿಸುವವನು. ದೊಡ್ಡ ಸಂಬಳದ ಕೋಚ್‌ಗಳು ಅವನ ಮನೆಗೆ ಬಂದು, ಅಪ್ಪ ಅಮ್ಮನ ಎದುರು ಕೂತು, ನಮ್ಮ ಕಾಲೇಜಿಗೆ ಕಳಿಸಿ ಅಂತ ಕೇಳಿಕೊಳ್ಳುತ್ತಾರೆ. ಓದು ಹೇಗೆ ನೋಡಿಕೊಳ್ಳುತ್ತೀರಿ, ಪೆಟ್ಟಾದರೆ ಏನು ಮಾಡುತ್ತೀರಿ, ಮೊದಲ ವರ್ಷವೇ ಆಡಿಸುತ್ತೀರಾ ಅಂತ ಮನೆಯವರು ಕೇಳುತ್ತಾರೆ. ಹುಡುಗ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬಹುದು, ಅದಕ್ಕೆ ಕಮಿಟ್ ಅನ್ನುತ್ತಾರೆ. ಆದರೆ ಕಾಗದಕ್ಕೆ ಸಹಿ ಬೀಳುವವರೆಗೆ ಅದಕ್ಕೆ ಬೆಲೆ ಇಲ್ಲ. 2017ರಿಂದ ಈ ಸಹಿಯ ದೊಡ್ಡ ದಿನ ಡಿಸೆಂಬರ್‌ಗೆ ಬಂದಿದೆ. ಅದಕ್ಕೂ ಮುಂಚೆ ಫೆಬ್ರವರಿ ತನಕ ಕಾಯಬೇಕಿತ್ತು.

2023ರ ಡಿಸೆಂಬರ್ 20 ನನಗೆ ಚೆನ್ನಾಗಿ ನೆನಪಿದೆ. ಫ್ಲಾರಿಡಾದ ಜೆರೆಮಾಯಾ ಸ್ಮಿತ್ ಆ ವರ್ಷ ಇಡೀ ದೇಶದ ನಂಬರ್ ಒನ್ ಹುಡುಗ. ಒಂದು ವರ್ಷದಿಂದ ಓಹಾಯೋ ಸ್ಟೇಟ್‌ಗೆ ಮಾತು ಕೊಟ್ಟಿದ್ದ. ಅವನ ರಾಜ್ಯದ ಕಾಲೇಜುಗಳು ಕೊನೇ ಗಳಿಗೆಯವರೆಗೂ ಬಿಡಲಿಲ್ಲ. ಅವನು ಕ್ಯಾಮೆರಾ ಮುಂದೆ ಓಹಾಯೋ ಸ್ಟೇಟ್ ಅಂದಮೇಲೂ ಸಹಿ ಮಾಡಿದ ಕಾಗದ ತಕ್ಷಣ ಬರಲಿಲ್ಲ. ಕೊಲಂಬಸ್‌ನ ಆಫೀಸುಗಳಲ್ಲಿ ಆ ದಿನ ಎಷ್ಟು ಜನ ಕೆಲಸ ಮಾಡಿದರೋ ದೇವರಿಗೇ ಗೊತ್ತು. ಹದಿನೆಂಟು ತುಂಬಿದ ಒಬ್ಬ ಹುಡುಗನ ಕಾಗದಕ್ಕಾಗಿ ಇಡೀ ಊರು ಕಾದು ಕೂತಿತ್ತು. ರಿಕ್ರೂಟಿಂಗ್ ಅಂದರೆ ಇದು.

ಸ್ಟಾರ್ ಅನ್ನುವುದು ಈ ಹುಡುಗರಿಗೆ ಕೊಡುವ ಅಂಕ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನಂಥ ಸಂಸ್ಥೆಗಳು ಕೊಡುತ್ತವೆ. ಐದು ಸ್ಟಾರ್ ಸಿಗುವುದು ವರ್ಷಕ್ಕೆ ಸುಮಾರು 32 ಜನರಿಗೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲ ಸುತ್ತಿಗೆ 32 ಆಯ್ಕೆ ಇರುತ್ತವೆ, ಅದಕ್ಕೆ ಹೊಂದಿಸಿ ಇಟ್ಟ ಲೆಕ್ಕ. ಈ ಸ್ಟಾರ್‌ಗಳು ಸುಮ್ನೆ ಬೂಟಾಟಿಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ನಾಲ್ಕು-ಐದು ಸ್ಟಾರ್ ಹುಡುಗರನ್ನು ಕೂಡಿಸಿದ ಕಾಲೇಜುಗಳೇ ಬಹಳ ಕಾಲ ರಾಷ್ಟ್ರೀಯ ಚಾಂಪಿಯನ್ ಆಗುತ್ತಾ ಬಂದವು. ವೇಗವಾಗಿ ಓಡಿ ಚೆಂಡು ಹಿಡಿಯುವ ರಿಸೀವರ್‌ಗಳ ವಿಷಯದಲ್ಲಿ ಅಂಕ ಬಹುಮಟ್ಟಿಗೆ ಸರಿಯಾಗೇ ಇರುತ್ತದೆ. ಹದಿನೇಳಕ್ಕೆ ಇರುವ ವೇಗ ಇಪ್ಪತ್ತಕ್ಕೂ ಇರುತ್ತದೆ, ಅಲ್ವಾ?

ಲೈನ್‌ಮನ್‌ಗಳ ಕಥೆಯೇ ಬೇರೆ. ಶುಕ್ರವಾರ ರಾತ್ರಿ ಇಲ್ಲಿ ಹೈಸ್ಕೂಲ್ ಮ್ಯಾಚ್‌ಗಳು. ಮ್ಯಾಸಿಲನ್, ಕ್ಯಾಂಟನ್ ಕಡೆ ಹೋದರೆ ಊರಿಗೆ ಊರೇ ಮೈದಾನದಲ್ಲಿರುತ್ತದೆ. ಗೆರೆಯಾಚೆ ಟೋಪಿ ಹಾಕಿಕೊಂಡು ನಿಂತ ಕಾಲೇಜು ಕೋಚ್‌ಗಳನ್ನು ನಾನು ಗಮನಿಸುತ್ತಿರುತ್ತೇನೆ. ಲೈನ್ ಕೋಚ್ ಆದವನು ಚೆಂಡಿನ ಹಿಂದೆ ಕಣ್ಣು ಓಡಿಸುವುದೇ ಇಲ್ಲ. ಒಬ್ಬ ಹುಡುಗನ ಪಾದ ನೋಡುತ್ತಾನೆ. ಚೆಂಡು ಹೋದಮೇಲೂ ಅವನು ಎದುರಾಳಿಯನ್ನು ತಳ್ಳುತ್ತಲೇ ಇದ್ದಾನಾ, ಬಿದ್ದವನು ಎಷ್ಟು ಬೇಗ ಏಳುತ್ತಾನೆ, ಸೊಂಟ ಎಷ್ಟು ಕೆಳಗೆ ಇಳಿಯುತ್ತದೆ, ತೋಳು ಎಷ್ಟು ಉದ್ದ, ಇವೇ ಅವನಿಗೆ ಬೇಕು. ಹುಡುಗ ಚಳಿಗಾಲದಲ್ಲಿ ಕುಸ್ತಿ ಮಾಡುತ್ತಾನಾ, ಬ್ಯಾಸ್ಕೆಟ್‌ಬಾಲ್ ಆಡುತ್ತಾನಾ ಅಂತಲೂ ವಿಚಾರಿಸುತ್ತಾರೆ. ಅಪ್ಪ ಅಮ್ಮ ಎಷ್ಟು ಎತ್ತರ ಇದ್ದಾರೆ ಅಂತ ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಾರೆ. ಯಾಕೆಂದರೆ ಈ ಹುಡುಗ ಇವತ್ತು ಹೇಗಿದ್ದಾನೆ ಅನ್ನುವುದು ಮುಖ್ಯವಲ್ಲ. ಇಪ್ಪತ್ತು ಕೆ.ಜಿ. ಜಾಸ್ತಿ ಆದಮೇಲೆ, ಮೂರು ವರ್ಷ ಕಳೆದಮೇಲೆ ಹೇಗಿರುತ್ತಾನೆ ಅಂತ ಊಹಿಸಬೇಕು. ಸ್ಟಾರ್ ಕೊಡುವವರು ಇಲ್ಲಿ ಎಡವುವುದು ಜಾಸ್ತಿ.

ಈಗ 2024ರ ನವೆಂಬರ್ 30ಕ್ಕೆ ಬನ್ನಿ. ನಿಮ್ಮ ಮಗನಿಗೆ ಸಿಟ್ಟು ತರಿಸುವ ದಿನ ಅದೇ ಇರಬೇಕು.

ಆ ವರ್ಷ ಓಹಾಯೋ ಸ್ಟೇಟ್ ಆಟಗಾರರಿಗೆ ಸಿಗುವ ಹಣ ಎಲ್ಲ ಸೇರಿ ಸುಮಾರು 2 ಕೋಟಿ ಡಾಲರ್ ಅಂತ ಕಾಲೇಜಿನ ಕ್ರೀಡಾ ಮುಖ್ಯಸ್ಥರೇ ಹೇಳಿದ್ದರು. ಜೆರೆಮಾಯಾ ಸ್ಮಿತ್ ಇದ್ದ. ಅಲಬಾಮಾದಿಂದ ಕೇಲಬ್ ಡೌನ್ಸ್ ಬಂದಿದ್ದ, ಮಿಸಿಸಿಪಿಯಿಂದ ಕ್ವಿನ್ಶಾನ್ ಜುಡ್‌ಕಿನ್ಸ್, ಕ್ಯಾನ್ಸಸ್ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್. ಎದುರಿಗೆ ಮಿಷಿಗನ್ ಆ ಸೀಸನ್‌ನಲ್ಲಿ ಆಗಲೇ ಐದು ಮ್ಯಾಚ್ ಸೋತಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಡೇವಿಸ್ ವಾರನ್ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ್ದವನು, ಇಂಥವರಿಗೆ ವಾಕ್-ಆನ್ ಅನ್ನುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ರಕ್ತದ ಕ್ಯಾನ್ಸರ್‌ನಿಂದ ಗುಣವಾಗಿ ಬಂದ ಹುಡುಗ. ಆ ದಿನ ಅವನು ಎಸೆದು ಗಳಿಸಿದ್ದು ನೂರು ಗಜವೂ ಇಲ್ಲ. ಆದರೂ ಕೊಲಂಬಸ್‌ನಲ್ಲಿ, ಲಕ್ಷ ಜನರ ಮುಂದೆ, ಮಿಷಿಗನ್ 13-10ರಿಂದ ಗೆದ್ದಿತು.

ಹೇಗೆ? ಮಧ್ಯದಲ್ಲಿ ಇಬ್ಬರಿದ್ದರು. ಮೇಸನ್ ಗ್ರಹಾಂ, ಕೆನತ್ ಗ್ರಾಂಟ್. ಗ್ರಾಂಟ್ ಇಂಡಿಯಾನಾದ ಮೆರಿಲ್‌ವಿಲ್ ಊರಿನವನು, 150 ಕೆ.ಜಿ. ಆಳು, ಹೈಸ್ಕೂಲು ಮುಗಿಸಿದಾಗ ಅವನಿಗಿದ್ದದ್ದು ಮೂರೇ ಸ್ಟಾರ್. ಇಬ್ಬರೂ ಒಂದೇ ವರ್ಷ ಮಿಷಿಗನ್ ಸೇರಿ, ಮೂರು ವರ್ಷ ಪಕ್ಕಪಕ್ಕದಲ್ಲೇ ಬೆಳೆದವರು. ನಮ್ಮ ಕಡೆ ಲೈನ್‌ನ ನಡುವೆ ನಿಲ್ಲುವ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಗಾಯವಾಗಿ ಹೊರಗಿದ್ದ. ಎಡತುದಿಯ ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲೇ ಹೊರಗೆ ಹೋಗಿದ್ದ. ಆದರೂ ಓಹಾಯೋ ಸ್ಟೇಟ್ ಮತ್ತೆ ಮತ್ತೆ ನಡುವಿನಲ್ಲೇ ನುಗ್ಗಲು ನೋಡಿತು. ಗ್ರಹಾಂ, ಗ್ರಾಂಟ್ ಕದಲಲಿಲ್ಲ. ಇಡೀ ಮ್ಯಾಚಿನಲ್ಲಿ ಓಡಿ ಗಳಿಸಿದ್ದು 77 ಗಜ. ದೇಶದ ಅತ್ಯುತ್ತಮ ರಿಸೀವರ್‌ಗಳು ಬದಿಯಲ್ಲಿ ಕಾಯುತ್ತಾ ನಿಂತಿದ್ದರು. ನಮ್ಮ ಕಿಕ್ಕರ್ ಜೇಡನ್ ಫೀಲ್ಡಿಂಗ್ ಒದ್ದ ಎರಡು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಪಡೆಯುವುದು) ಗುರಿ ತಪ್ಪಿದವು. ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಮಿಷಿಗನ್‌ನ ಡೊಮಿನಿಕ್ ಜ್ವಾಡಾ ತನ್ನದನ್ನು ಹೊಡೆದ. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಗ್ರಹಾಂ ಐದನೆಯವನಾಗಿ, ಗ್ರಾಂಟ್ ಹದಿಮೂರನೆಯವನಾಗಿ ಎನ್‌ಎಫ್‌ಎಲ್‌ಗೆ ಹೋದರು.

ಅದು ಒಂದು ದಿನದ ಆಕಸ್ಮಿಕ ಅಂತ ನಮ್ಮವರು ಬಹಳ ಜನ ಹೇಳುತ್ತಾರೆ. ಹಿಂದಿನ ಮೂರು ವರ್ಷ ನೋಡಿ. ದೇಶದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಜೋ ಮೂರ್ ಪ್ರಶಸ್ತಿ ಅಂತ ಒಂದಿದೆ. 2021ರಲ್ಲಿ ಅದು ಮಿಷಿಗನ್‌ಗೆ. 2022ರಲ್ಲೂ ಮಿಷಿಗನ್‌ಗೆ. 2021ರ ಮ್ಯಾಚಿನಲ್ಲಿ ಅವರ ಹಸನ್ ಹಾಸ್ಕಿನ್ಸ್ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದ, ಎಲ್ಲವೂ ಆ ಲೈನ್ ಹಿಂದೆ ಓಡಿಯೇ. ಅದೇ ದಿನ ನಮ್ಮ ಕ್ವಾರ್ಟರ್‌ಬ್ಯಾಕನ್ನು ಮೂರು ಸಲ ನೆಲಕ್ಕೆ ಕೆಡವಿದವನು ಏಡನ್ ಹಚಿನ್‌ಸನ್. ಅವನ ಅಪ್ಪನೂ ಮಿಷಿಗನ್‌ಗೆ ಆಡಿದವರು. ಎನ್‌ಎಫ್‌ಎಲ್‌ಗೆ ಹೋಗುವ ಬದಲು ಕೊನೆಯ ವರ್ಷ ಆಡಲು ಉಳಿದುಕೊಂಡಿದ್ದ. 2023ರಲ್ಲಿ ಬ್ಲೇಕ್ ಕೋರಮ್ ಹಾಗೇ ಉಳಿದ. ಆ ಮ್ಯಾಚಿನ ನಡುವೆ ಮಿಷಿಗನ್ ಕ್ಯಾಪ್ಟನ್, ಲೈನ್‌ಮನ್ ಜ್ಯಾಕ್ ಜಿಂಟರ್ ಕಾಲು ಮುರಿದುಕೊಂಡ. ಗಾಡಿಯಲ್ಲಿ ಕೂರಿಸಿ ಹೊರಗೆ ಕರೆದುಕೊಂಡು ಹೋದರು. ಮುಂದಿನ ಆಟದಲ್ಲೇ ಕೋರಮ್ 22 ಗಜ ಓಡಿ ಟಚ್‌ಡೌನ್ ಮಾಡಿದ. ಅದನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ, ಆದರೂ ಗೌರವ ಬಂತು. ಮೂರು ವರ್ಷ ಒಟ್ಟಿಗಿದ್ದವರು ಮಾತ್ರ ಹಾಗೆ ಆಡಬಲ್ಲರು.

ಆ ಕಾಲದಲ್ಲಿ ಮಿಷಿಗನ್‌ನವರು ಎದುರಾಳಿ ಕೋಚ್‌ಗಳು ಆಟಗಾರರಿಗೆ ಮಾಡುವ ಸನ್ನೆಗಳನ್ನು ಕದ್ದ ಪ್ರಕರಣ ಇದೆಯಲ್ಲ ಅಂತ ನಿಮ್ಮ ಮಗ ಖಂಡಿತ ಹೇಳುತ್ತಾನೆ. ಹೌದು, ಇದೆ. ಅವರ ಸಿಬ್ಬಂದಿಯೊಬ್ಬ ಸಿಕ್ಕಿಬಿದ್ದ. ಕೋಚ್ ಜಿಮ್ ಹಾರ್ಬಾ 2023ರ ಲೀಗ್ ಹಂತದ ಕೊನೆಯ ಮೂರು ಮ್ಯಾಚ್ ಹೊರಗಿದ್ದರು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆಮೇಲೆ ಶಿಕ್ಷೆಯನ್ನೂ ಕೊಟ್ಟಿತು. ತಪ್ಪು ತಪ್ಪೇ. ಆದರೆ ಪ್ರಕರಣ ಬಯಲಾದಮೇಲೆ ಆಡಿದ ಮೊದಲ ಎರಡು ಮ್ಯಾಚ್‌ನಲ್ಲೂ ನಾವು ಸೋತೆವು. ಸನ್ನೆ ಗೊತ್ತಿದ್ದ ಮಾತ್ರಕ್ಕೆ 150 ಕೆ.ಜಿ. ಆಳನ್ನು ಹಿಂದೆ ತಳ್ಳಲು ಬರುವುದಿಲ್ಲ.

ಒಂದು ರಿಕ್ರೂಟಿಂಗ್ ತೀರ್ಮಾನ ವರ್ಷಗಳ ನಂತರ ಹೇಗೆ ಬಂದು ತಗಲುತ್ತದೆ ಅನ್ನುವುದಕ್ಕೂ ಇದೇ ಸಾಲಿನಲ್ಲಿ ಉದಾಹರಣೆ ಇದೆ. ಇಲಿನಾಯ್‌ನ ಜೆ.ಜೆ. ಮೆಕಾರ್ಥಿ ಚಿಕ್ಕಂದಿನಿಂದ ಓಹಾಯೋ ಸ್ಟೇಟ್ ಅಭಿಮಾನಿ. ಇಲ್ಲಿಗೇ ಬರಬೇಕು ಅಂತಿದ್ದ. ಸಾಮಾನ್ಯವಾಗಿ ಒಂದು ವರ್ಷಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ತೆಗೆದುಕೊಳ್ಳುತ್ತಾರೆ. ನಮ್ಮವರು ಫಿಲಡೆಲ್ಫಿಯಾದ ಕೈಲ್ ಮೆಕಾರ್ಡ್‌ನನ್ನು ಆರಿಸಿದರು. ಮೆಕಾರ್ಥಿ ಮಿಷಿಗನ್‌ಗೆ ಹೋದ. 2023ರಲ್ಲಿ ಇಬ್ಬರೂ ಎದುರುಬದುರಾದರು. ಕೊನೆಯ ನಿಮಿಷದಲ್ಲಿ ಮೆಕಾರ್ಡ್ ಎಸೆದ ಚೆಂಡನ್ನು ಮಿಷಿಗನ್‌ನ ರಾಡ್ ಮೂರ್ ಹಿಡಿದು ಮ್ಯಾಚ್ ಮುಗಿಸಿದ. ಮೂರ್ ಓಹಾಯೋ ರಾಜ್ಯದ ಕ್ಲೇಟನ್ ಊರಿನ ಹುಡುಗ. ನಮ್ಮ ಮನೆ ಅಂಗಳದಲ್ಲಿ ಬೆಳೆದವನು. ಇದೇನೂ ಹೊಸದಲ್ಲ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಮಿಷಿಗನ್‌ಗೆ ಡೆಸ್ಮಂಡ್ ಹೋವರ್ಡ್ 1991ರಲ್ಲಿ, ಚಾರ್ಲ್ಸ್ ವುಡ್‌ಸನ್ 1997ರಲ್ಲಿ ತಂದುಕೊಟ್ಟರು. ಇಬ್ಬರೂ ಓಹಾಯೋದವರೇ. ರಾಜ್ಯದ ಗಡಿಯೊಳಗಿನ ಹುಡುಗನನ್ನು ಬಿಟ್ಟುಕೊಡಬಾರದು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಟೆಕ್ಸಾಸ್, ಫ್ಲಾರಿಡಾದಿಂದ ವೇಗ ತನ್ನಿ, ಬೇಡ ಅನ್ನುವುದಿಲ್ಲ. ಲೈನ್ ಮಾತ್ರ ಮೊದಲು ಮನೆಯಲ್ಲೇ ಹುಡುಕಿ. ನವೆಂಬರ್‌ನಲ್ಲಿ ಕೆಂಪು ಅಂಗಿ ಹಾಕಿಕೊಂಡು ಬೆಳೆದ ಹುಡುಗನಿಗೆ ಈ ಮ್ಯಾಚ್ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ದುಡ್ಡಿನ ವಿಷಯ ಕೇಳಿದ್ದೀರಿ. ನಿಜ, ಕೊಡುತ್ತಾರೆ. 2021ರ ಜುಲೈ 1ರವರೆಗೆ ಕೊಡುವ ಹಾಗಿರಲಿಲ್ಲ. ಫೀಸು, ಊಟ, ವಸತಿಯ ಸ್ಕಾಲರ್‌ಶಿಪ್ ಮತ್ತು ಒಂದಿಷ್ಟು ಸಣ್ಣ ಭತ್ಯೆ, ಅಷ್ಟೇ. ಮಿಷಿಗನ್ ಅನ್ನು ಸೋಲಿಸಿದ ನಮ್ಮ ಆಟಗಾರರಿಗೆ 1934ರಿಂದ ಒಂದು ಪುಟ್ಟ ಚಿನ್ನದ ಬಣ್ಣದ ಪದಕ ಕೊಡುತ್ತಾ ಬಂದಿದ್ದಾರೆ, ಪ್ಯಾಂಟಿನ ಆಕಾರದ್ದು. ಅದರ ಮೇಲೆ ತಾರೀಖು, ಸ್ಕೋರು ಕೆತ್ತಿರುತ್ತಾರೆ. 2010ರಲ್ಲಿ ಕೆಲವು ಆಟಗಾರರು ತಮ್ಮ ಪದಕ, ಉಂಗುರ ಮಾರಿ ದುಡ್ಡು, ಹಚ್ಚೆ ಪಡೆದಿದ್ದು ಬಯಲಾಯಿತು. ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರಯರ್ ಸೇರಿ ಐವರಿಗೆ ಐದು ಮ್ಯಾಚ್ ನಿಷೇಧ. ವಿಷಯ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸಲ್ 2011ರ ಮೇನಲ್ಲಿ ರಾಜೀನಾಮೆ ಕೊಟ್ಟರು. 2010ರ ಸೀಸನ್‌ನ ಗೆಲುವುಗಳನ್ನೇ ದಾಖಲೆಯಿಂದ ತೆಗೆದರು. ತಮ್ಮದೇ ವಸ್ತು ಮಾರಿದ್ದಕ್ಕೆ ಹುಡುಗರಿಗೆ ಅಷ್ಟು ದೊಡ್ಡ ಶಿಕ್ಷೆ! ಲಕ್ಷ ಜನ ಟಿಕೆಟ್ ಕೊಂಡು ಬರುತ್ತಿದ್ದರು, ಟಿವಿಯವರು ಕೋಟಿಗಟ್ಟಲೆ ಕೊಡುತ್ತಿದ್ದರು, ಆಡುವವನ ಕೈಗೆ ಮಾತ್ರ ಏನೂ ಇಲ್ಲ. ಅದು ಅನ್ಯಾಯ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

2021ರಲ್ಲಿ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. ಇದಕ್ಕೇ ಎನ್‌ಐಎಲ್ ಅನ್ನುವುದು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ದೊಡ್ಡ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅಲ್ಲಿಂದ ಕಾಲೇಜೇ ನೇರವಾಗಿ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ, ಎಲ್ಲ ಆಟಗಳೂ ಸೇರಿ, 2 ಕೋಟಿ 5 ಲಕ್ಷ ಡಾಲರ್. ಅದರ ದೊಡ್ಡ ಪಾಲು ಫುಟ್‌ಬಾಲ್‌ಗೇ ಹೋಗುತ್ತದೆ. ಆಟಗಾರರಿಗೆ ಸಿಗಬೇಕಾದದ್ದು ಸಿಗುತ್ತಿದೆ, ನನಗೆ ಸಂತೋಷವೇ.

ಆದರೆ ಆ ಒಪ್ಪಂದದ ಜೊತೆಗೇ ಬಂದ ಒಂದು ನಿಯಮ ನನಗೆ ಸಹಿಸಲಾಗದು. ಮೊದಲು 85 ಸ್ಕಾಲರ್‌ಶಿಪ್ ಇರುತ್ತಿತ್ತು, ಅದರ ಮೇಲೆ ಎಷ್ಟು ಜನ ವಾಕ್-ಆನ್‌ಗಳನ್ನು ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಈಗ ತಂಡದಲ್ಲಿ ಒಟ್ಟು 105 ಜನ ಮಾತ್ರ. ಸಾಲು ಕತ್ತರಿಸುವಾಗ ಮೊದಲು ಹೋಗುವವನು ಯಾರು? ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಫೀಸು ಕಟ್ಟಿ, ಒಂದು ದಿನ ಆಡಿಸುತ್ತಾರೆ ಅಂತ ಮೂರು ವರ್ಷ ಪ್ರಾಕ್ಟೀಸ್‌ನಲ್ಲಿ ಪೆಟ್ಟು ತಿನ್ನುವ ಹುಡುಗ. ಡೇವಿಸ್ ವಾರನ್‌ನಂಥವನು. ನಮ್ಮನ್ನು ಸೋಲಿಸಿದವನಾದರೂ ಸರಿ, ಅವನಂಥವರಿಗೆ ಜಾಗ ಇರಲೇಬೇಕು.

ಇನ್ನೊಂದು ಬದಲಾವಣೆ ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜು ಬಿಟ್ಟು ಬೇರೆ ಕಡೆ ಹೋಗಬೇಕು ಅನ್ನುವವರು ಹೆಸರು ಬರೆಸುವ ಪಟ್ಟಿ ಇದು. ಶುರುವಾಗಿದ್ದು 2018ರ ಅಕ್ಟೋಬರ್‌ನಲ್ಲಿ. ಮೊದಲೆಲ್ಲ ಹಾಗೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಕೊಟ್ಟರು. 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಕಾಲೇಜು ಆಟಗಾರನಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್ ಸಿಗುತ್ತವೆ. ನಾಲ್ಕಕ್ಕೆ ನಾಲ್ಕು ಕಾಲೇಜು ಸುತ್ತಿದವರೂ ಇದ್ದಾರೆ. ಅಂದರೆ ಡಿಸೆಂಬರ್‌ನಲ್ಲಿ ಹೊಸ ಹುಡುಗರ ಸಹಿ ಹಾಕಿಸಿ ಕೋಚ್ ಖುಷಿಪಡುವ ಹೊತ್ತಿಗೆ, ಜನವರಿಯಲ್ಲಿ ಹಳಬರು ಎಷ್ಟು ಜನ ಹೊರಡುತ್ತಾರೆ ಅಂತ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೊಸಬನನ್ನು ತರುವುದಕ್ಕಿಂತ ಹಳಬನನ್ನು ಉಳಿಸಿಕೊಳ್ಳಲು ದುಡ್ಡು ಇಡಿ ಅಂತ ನಾನು ಹೇಳುವುದು ಅದಕ್ಕೇ.

ಹಾಗೆ ಇಟ್ಟಾಗ ಏನಾಗುತ್ತದೆ ಅನ್ನುವುದಕ್ಕೂ 2024ರ ಓಹಾಯೋ ಸ್ಟೇಟೇ ಸಾಕ್ಷಿ. ಜ್ಯಾಕ್ ಸಾಯರ್, ಜೆ.ಟಿ. ಟುಇಮೊಲೊವಾವು, ಎಮೆಕಾ ಎಗ್‌ಬುಕಾ, ಟ್ರೆವೆಯೋನ್ ಹೆಂಡರ್ಸನ್, ಡಾನೊವನ್ ಜ್ಯಾಕ್ಸನ್ ಎಲ್ಲರೂ ಎನ್‌ಎಫ್‌ಎಲ್ ಮುಂದೂಡಿ ನಾಲ್ಕನೇ ವರ್ಷಕ್ಕೆ ಉಳಿದಿದ್ದರು. ಮಿಷಿಗನ್ ಎದುರು ಸೋತಮೇಲೆ ಕೋಚ್ ರಯನ್ ಡೇ ಅವರನ್ನು ತೆಗೆಯಿರಿ ಅಂತ ಊರೆಲ್ಲ ಕೂಗು. ಈ ಹುಡುಗರು ಒಡೆದು ಹೋಗಲಿಲ್ಲ. ಆ ವರ್ಷ ಮೊದಲ ಸಲ ಹನ್ನೆರಡು ತಂಡದ ಪ್ಲೇಆಫ್ ಇತ್ತು. ಟೆನೆಸಿಯನ್ನು 42-17, ಆರೆಗನ್ ಅನ್ನು 41-21, ಟೆಕ್ಸಾಸ್ ಅನ್ನು 28-14, ನಾಟರ್ ಡೇಮ್ ಅನ್ನು 34-23. ರಾಷ್ಟ್ರೀಯ ಚಾಂಪಿಯನ್! ಲೈನ್‌ನ ಎಡತುದಿ ಖಾಲಿಯಾದಾಗ ಒಳಗಿನ ಜಾಗ ಬಿಟ್ಟು ಅಲ್ಲಿಗೆ ಹೋಗಿ ನಿಂತವನು ಜ್ಯಾಕ್ಸನ್. ಹೊಸ ಜಾಗ ಕಲಿಯಲು ಅವನಿಗೆ ಕೆಲವು ವಾರ ಬೇಕಾಯಿತು. ಪ್ಲೇಆಫ್ ಹೊತ್ತಿಗೆ ಆ ಲೈನ್ ಗಟ್ಟಿಯಾಗಿತ್ತು.

ಟೆಕ್ಸಾಸ್ ಮ್ಯಾಚಿನ ಒಂದು ಗಳಿಗೆ ಹೇಳಲೇಬೇಕು. ಸ್ಕೋರು 21-14. ಟೆಕ್ಸಾಸ್ ನಮ್ಮ ಗೆರೆಯ ಬುಡಕ್ಕೆ ಬಂದಿತ್ತು, ಸಮ ಆಗುವುದು ಇನ್ನೇನು ಅನ್ನುವ ಸ್ಥಿತಿ. ಅವರ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯುವರ್ಸ್ ಕೈಯಿಂದ ಜ್ಯಾಕ್ ಸಾಯರ್ ಚೆಂಡು ಬಡಿದು ಕಿತ್ತುಕೊಂಡು 83 ಗಜ ಓಡಿದ. ಸಾಯರ್ ಕೊಲಂಬಸ್ ಪಕ್ಕದ ಪಿಕರಿಂಗ್ಟನ್ ಊರಿನವನು. ಯುವರ್ಸ್ 2021ರಲ್ಲಿ ಓಹಾಯೋ ಸ್ಟೇಟ್‌ನಲ್ಲೇ ಇದ್ದವನು, ಸಾಯರ್‌ನ ರೂಮ್‌ಮೇಟ್! ಒಬ್ಬ ಬಿಟ್ಟು ಹೋದ, ಇನ್ನೊಬ್ಬ ಉಳಿದ. ಯುವರ್ಸ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವನಿಗೆ ಆಡಲು ಜಾಗ ಬೇಕಿತ್ತು. ಆದರೆ ಆ ಓಟ ನೋಡುವಾಗ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ. ಫೈನಲ್‌ನ ಕೊನೆಯ ಫೀಲ್ಡ್ ಗೋಲ್ ಹೊಡೆದವನು ಯಾರು ಗೊತ್ತಾ? ಮಿಷಿಗನ್ ಎದುರು ಎರಡು ತಪ್ಪಿಸಿದ ಅದೇ ಫೀಲ್ಡಿಂಗ್.

ಆ ತಂಡದಿಂದ 14 ಜನ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೋದರು. 2025ರಲ್ಲಿ ಮಿಷಿಗನ್ ಕಡೆ ದೇಶದ ನಂಬರ್ ಒನ್ ಹುಡುಗ ಬ್ರೈಸ್ ಅಂಡರ್‌ವುಡ್ ಬಂದ. ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ನಿಂದ ಅರ್ಧ ಗಂಟೆ ದೂರದ ಬೆಲ್‌ವಿಲ್‌ನವನು. ಲೂಸಿಯಾನಾದ ಎಲ್‌ಎಸ್‌ಯುಗೆ ಮಾತು ಕೊಟ್ಟು, ಸಹಿ ಹಾಕುವ ಹೊತ್ತಿಗೆ ಮಿಷಿಗನ್ ಕಡೆ ತಿರುಗಿದ. ಒಪ್ಪಂದ 1 ಕೋಟಿ ಡಾಲರ್ ಮೀರಿದ್ದು ಅಂತ ವರದಿಯಾಯಿತು. ಆದರೆ ನವೆಂಬರ್ 29ರಂದು ಹಿಮ ಬೀಳುತ್ತಿದ್ದ ಮೈದಾನದಲ್ಲಿ ಅವನು ಎಸೆದು ಗಳಿಸಿದ್ದು ನೂರು ಗಜ ದಾಟಲಿಲ್ಲ. ಮಿಷಿಗನ್‌ಗೆ ಒಂದೂ ಟಚ್‌ಡೌನ್ ಇಲ್ಲ. ನಾವು 27-9ರಿಂದ ಗೆದ್ದೆವು. ಒಬ್ಬ ಹುಡುಗನಿಗೆ ಎಷ್ಟು ಕೊಟ್ಟರೂ ಅವನ ಮುಂದೆ ನಿಲ್ಲುವ ಐವರು ಬೇಕು. ಅದಾದ ಒಂದು ವಾರಕ್ಕೆ ನಾವೇ ಇಂಡಿಯಾನಾ ಎದುರು 13-10ರಿಂದ ಸೋತೆವು. ರಿಕ್ರೂಟಿಂಗ್ ಪಟ್ಟಿಯ ಮೇಲ್ತುದಿಯಲ್ಲಿ ಎಂದೂ ಕಾಣಿಸದ ಕಾಲೇಜು ಅದು. ಕೋಚ್ ಕರ್ಟ್ ಸಿಗ್ನೆಟಿ ಹಿಂದಿನ ಕಾಲೇಜಿನಿಂದ ತನ್ನ ಜೊತೆಗೇ ಕರೆತಂದ, ವಯಸ್ಸಾದ, ಪಳಗಿದ ಆಟಗಾರರ ಮೇಲೆ ಆ ತಂಡ ಕಟ್ಟಿದರು. 2026ರ ಜನವರಿಯಲ್ಲಿ ಅವರೇ ರಾಷ್ಟ್ರೀಯ ಚಾಂಪಿಯನ್. ಓಹಾಯೋ ಸ್ಟೇಟ್ ಇದನ್ನು ನೋಡಿ ಕಲಿಯಬೇಕು.

ಇನ್ನು ಹಗೆ. ಇದರ ಬೇರು ಫುಟ್‌ಬಾಲ್‌ಗಿಂತ ಹಳೆಯದು. 1835ರಲ್ಲಿ ಟೊಲಿಡೋ ಊರು ಯಾರದು ಅಂತ ಎರಡೂ ಕಡೆಯವರು ಸೈನ್ಯ ಕಟ್ಟಿಕೊಂಡು ನಿಂತಿದ್ದರು. ಯಾರೂ ಸಾಯಲಿಲ್ಲ. ಟೊಲಿಡೋ ಓಹಾಯೋಗೆ ಬಂತು. ಮಿಷಿಗನ್‌ಗೆ ಬದಲಿಗೆ ಉತ್ತರದ ಕಾಡು ನಾಡು ಸಿಕ್ಕಿತು, ಆಮೇಲೆ ಅಲ್ಲಿ ತಾಮ್ರ, ಕಬ್ಬಿಣ ಸಿಕ್ಕು ಅವರಿಗೇ ಲಾಭವಾಯಿತು. ಮೊದಲ ಮ್ಯಾಚ್ 1897ರಲ್ಲಿ. ಇವತ್ತಿನ ಕಾವು ಹತ್ತಿದ್ದು 1969ರಲ್ಲಿ. ನಮ್ಮ ಕೋಚ್ ವುಡಿ ಹೇಸ್ ಅವರ ಕೈಕೆಳಗೆ ಕೆಲಸ ಕಲಿತ ಬೋ ಶೆಂಬೆಕ್ಲರ್ ಆ ವರ್ಷ ಮಿಷಿಗನ್ ಕೋಚ್ ಆದರು. ಮೊದಲ ಮ್ಯಾಚಿನಲ್ಲೇ ಗುರುವನ್ನು 24-12ರಿಂದ ಸೋಲಿಸಿದರು. 1978ರವರೆಗೆ ಹತ್ತು ವರ್ಷ ಗುರು-ಶಿಷ್ಯರ ಯುದ್ಧ. ಲೆಕ್ಕ ಕೊನೆಗೆ ಶಿಷ್ಯನಿಗೆ ಐದು, ಗುರುವಿಗೆ ನಾಲ್ಕು, ಒಂದು ಸಮ. ಹೇಸ್ ಆ ರಾಜ್ಯದ ಹೆಸರನ್ನೇ ಹೇಳುತ್ತಿರಲಿಲ್ಲ, 'ಮೇಲಿನ ಆ ಸ್ಕೂಲು' ಅನ್ನುತ್ತಿದ್ದರು. ನಮ್ಮ ಕ್ಯಾಂಪಸ್‌ನಲ್ಲಿ ಮ್ಯಾಚಿನ ವಾರ ಬೋರ್ಡುಗಳಲ್ಲಿ ಮಿಷಿಗನ್‌ನ ಮೊದಲ ಅಕ್ಷರ ಎಲ್ಲಿದ್ದರೂ ಅದರ ಮೇಲೆ ಕೆಂಪು ಟೇಪಿನಿಂದ ಅಡ್ಡಗೆರೆ ಹೊಡೆದಿರುತ್ತಾರೆ. ನೀವು ಆ ವಾರವೇ ಹೋದರೆ ಮಗನ ಡಿಪಾರ್ಟ್‌ಮೆಂಟ್ ಬೋರ್ಡು ನೋಡಿ.

ಇದು ಪ್ರೀತಿಯಿಂದ ಹುಟ್ಟಿದ ಹಗೆ ಅಂತ ನಾನು ನಂಬಿದ್ದೇನೆ. 2024ರಲ್ಲಿ ಮ್ಯಾಚ್ ಮುಗಿದಮೇಲೆ ಅವರು ನಮ್ಮ ಮೈದಾನದ ನಡುವೆ ಬಾವುಟ ನೆಡಲು ಬಂದು ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಅದು ಎರಡೂ ಕಡೆಯವರಿಗೆ ಶೋಭೆ ತರುವಂಥದ್ದಲ್ಲ. ಸೋತ ಹುಡುಗರಿಗೆ ಫೋನಿನಲ್ಲಿ ಬೈದು ಮೆಸೇಜ್ ಕಳಿಸುವವರಂತೂ ಅಭಿಮಾನಿಗಳೇ ಅಲ್ಲ.

ಮ್ಯಾಚಿಗೆ ಹೋಗುವುದರ ಬಗ್ಗೆ. 2026ರ ಮ್ಯಾಚ್ ಕೊಲಂಬಸ್‌ನಲ್ಲೇ. ಓಹಾಯೋ ಸ್ಟೇಡಿಯಂ 1922ರದ್ದು, ಲಾಳದ ಆಕಾರ, ಲಕ್ಷಕ್ಕೂ ಮೇಲೆ ಜನ ಹಿಡಿಯುತ್ತದೆ. ಮೆಟ್ಟಿಲು ಜಾಸ್ತಿ, ಯಜಮಾನರಿಗೆ ಮಂಡಿನೋವಿದ್ದರೆ ಕೆಳಗಿನ ಸಾಲು ಹಿಡಿಯಲು ಮಗನಿಗೆ ಹೇಳಿ. ನವೆಂಬರ್ ಕೊನೆಗೆ ಚಳಿ ಮೂಳೆ ಕೊರೆಯುತ್ತದೆ. ಉಣ್ಣೆ ಟೋಪಿ, ಕೈಗವಸು, ಎರಡು ಜೊತೆ ಸಾಕ್ಸ್ ಬೇಕೇ ಬೇಕು. ನೀಲಿ, ಹಳದಿ ಸ್ವೆಟರ್ ಮಾತ್ರ ದಾವಣಗೆರೆಯಲ್ಲೇ ಬಿಟ್ಟು ಬನ್ನಿ. ಅವು ಮಿಷಿಗನ್ ಬಣ್ಣ. ಆಟಕ್ಕೆ ಅರ್ಧ ಗಂಟೆ ಮುಂಚೆಯೇ ಸೀಟಿನಲ್ಲಿರಿ. ಕಾಲೇಜಿನ ಬ್ಯಾಂಡ್ ನಡೆಯುತ್ತಾ ನಡೆಯುತ್ತಾ ಮೈದಾನದ ಮೇಲೆ ಓಹಾಯೋ (Ohio) ಅಂತ ಇಂಗ್ಲಿಷಿನ ಕೂಡಕ್ಷರದಲ್ಲಿ ಬರೆಯುತ್ತದೆ. 1936ರಿಂದ ನಡೆದುಬಂದದ್ದು. ಕೊನೆಗೆ ಸೂಸಫೋನ್ ಅನ್ನುವ ದೊಡ್ಡ ಊದುವ ವಾದ್ಯ ಹೊತ್ತ ಒಬ್ಬ ಕುಣಿಯುತ್ತಾ ಬಂದು ಅದರಲ್ಲಿನ 'i' ಅಕ್ಷರದ ಚುಕ್ಕಿಯಾಗಿ ನಿಲ್ಲುತ್ತಾನೆ. ಅದನ್ನು ತಪ್ಪಿಸಿಕೊಳ್ಳಬೇಡಿ.

ಆಟ ಶುರುವಾದಮೇಲೆ ಮೊದಲ ಹತ್ತು ನಿಮಿಷ ಚೆಂಡು ನೋಡಬೇಡಿ. ಬಗ್ಗಿ ನಿಂತ ಐವರನ್ನು ನೋಡಿ. ಚೆಂಡು ಹಿಂದೆ ಹೋದ ಕೂಡಲೇ ಅವರು ಮುಂದೆ ಹೆಜ್ಜೆ ಇಡುತ್ತಾರಾ, ಹಿಂದೆ ಸರಿಯುತ್ತಾರಾ? ಇನ್ನೊಂದೇ ಗಜ ಬೇಕಿರುವಾಗ ಯಾರು ಯಾರನ್ನು ತಳ್ಳುತ್ತಾರೆ? ಎರಡನೇ ಕ್ವಾರ್ಟರ್ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂಗುತ್ತಿರುವವರಿಗಿಂತ ಚೆನ್ನಾಗಿಯೇ. ತಂಡದ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಅವನು ಎಷ್ಟನೇ ವರ್ಷದವನು, ಯಾವ ಊರಿನವನು ಅಂತ ಬರೆದಿರುತ್ತದೆ. ಎರಡೂ ಕಡೆಯ ಲೈನ್‌ಗಳ ಆ ಸಾಲನ್ನು ಮಗನಿಂದ ಒಂದು ಸಲ ಓದಿಸಿ.